ಘಾಟಿಯ ನಡುವೆ ಕೊಯ್ದ ಹಗ್ಗ

“ಅಜ್ಜಾ, ಮದ್ದು ಕೊಡುವ ನೆಮ್ಮದಿ ನೆಮ್ಮದಿಯೋ, ಮೋಸವೋ?”

ಕೇಳಿದವನು ಚನ್ನವೀರ. ಕೇಳಿಸಿಕೊಂಡವನು ಅವನ ಗುರು ಕೊಟ್ರಜ್ಜ. ಕೊಟ್ರಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಮಠ ಸೇರುವ ಮೊದಲು ಎತ್ತಿನ ಗಾಡಿ ಹೊಡೆದವನು. ಒಮ್ಮೆ ದಾರಿಯಲ್ಲಿ ಸಿಕ್ಕ ಸಿಡಿಲನ್ನು ಕಂಬಳಿಯಲ್ಲಿ ಸುತ್ತಿ, ಬೆನ್ನು ತಟ್ಟಿ ಮಲಗಿಸಿದ್ದೆ ಎಂದು ಹೇಳಿಕೊಳ್ಳುತ್ತಿದ್ದ. ನಂಬದವರಿಗೆ ಕಂಬಳಿಯ ಸುಟ್ಟ ತೂತು ತೋರಿಸುತ್ತಿದ್ದ.

ಯಾರ ಮದ್ದು, ಎಂಥ ಮದ್ದು ಎಂದು ಅಜ್ಜ ಕೇಳಿದ. ಚನ್ನವೀರ ಹೇಳಿದ. ಅವನ ಅಣ್ಣನಿಗೆ ನಿದ್ದೆ ಹತ್ತುತ್ತಿರಲಿಲ್ಲ, ಎದೆ ಸದಾ ಡವಗುಟ್ಟುತ್ತಿತ್ತು. ಪೇಟೆಯ ಡಾಕ್ಟರು ಮಾತ್ರೆ ಕೊಟ್ಟರು. ತಲೆಯೊಳಗೆ ‘ಸಾಕು, ಸುಮ್ಮನಿರು’ ಎನ್ನುವ ರಸವೊಂದು ಇದೆಯಂತೆ. ಆ ಮಾತು ಕೇಳಿ ತೆರೆದುಕೊಳ್ಳುವ ಸಣ್ಣ ಬಾಗಿಲುಗಳೂ ಇವೆಯಂತೆ. ಅವು ತೆರೆದರೆ ಕುದಿಯುವ ನರ ತಣ್ಣಗಾಗುತ್ತದೆ. ಮಾತ್ರೆ ತಾನಾಗಿ ಬಾಗಿಲು ತೆರೆಯುವುದಿಲ್ಲ. ರಸ ಬಂದು ತಟ್ಟಿದಾಗ, ಬಾಗಿಲು ಮೊದಲಿಗಿಂತ ಹೆಚ್ಚು ಸಲ ತೆರೆಯುವ ಹಾಗೆ ಮಾಡುತ್ತದೆ. ಅಣ್ಣ ಚೆನ್ನಾಗಿ ನಿದ್ದೆ ಮಾಡಿದ. ಆದರೆ ಒಂದು ಮಾತ್ರೆ ಸಾಕಾಗಿದ್ದವನಿಗೆ ವರ್ಷ ಕಳೆಯುವುದರೊಳಗೆ ಎರಡು ಬೇಕಾದವು. ಬಿಡಿಸಿ ಎಂದರೆ ಡಾಕ್ಟರು ಒಮ್ಮೆಗೇ ಬಿಡಬಾರದು, ನಿಧಾನವಾಗಿ ಇಳಿಸೋಣ ಎನ್ನುತ್ತಾರೆ. ಕಟ್ಟಿದ ಹಸುವನ್ನು ಯಾರು ತಾನೇ ಬಿಚ್ಚಿ ಕಳಿಸುತ್ತಾರೆ ಎಂದು ಚನ್ನವೀರನ ಅನುಮಾನ.

ಒಂದು ಸಂಗತಿಯನ್ನು ಮಾತ್ರ ಅವನು ಹೇಳಲಿಲ್ಲ. ಅಣ್ಣನ ಮಾತ್ರೆಗಳನ್ನೆಲ್ಲ ಮೊನ್ನೆಯೇ ಕದ್ದು ತನ್ನ ಪಂಚೆಯ ಮಡಿಲಲ್ಲಿ ಗಂಟು ಹಾಕಿಕೊಂಡಿದ್ದ. ಅಣ್ಣ ಹುಡುಕಿದಾಗ ನನಗೇನು ಗೊತ್ತು ಎಂದಿದ್ದ. ಈ ದಿನ ಅಣ್ಣನ ಕೈ ನಡುಗಿ ಲೋಟದ ನೀರು ಎದೆಯ ಮೇಲೆ ಚೆಲ್ಲಿತ್ತು. ವಿಷ ಇಳಿಯುತ್ತಿದೆ ಎಂದುಕೊಂಡು ಚನ್ನವೀರ ಒಳಗೊಳಗೇ ಹಿಗ್ಗಿದ್ದ. ಅಣ್ಣನನ್ನು ಒಬ್ಬನನ್ನೇ ಬಿಟ್ಟು ಮಠಕ್ಕೆ ಬಂದಿದ್ದ.

ಅಜ್ಜ ಅವನ ಮುಖ ನೋಡಿದ. ಆಮೇಲೆ, ಮಾತಾಡುವಾಗಲೆಲ್ಲ ಮಡಿಲನ್ನು ಮುಟ್ಟಿಕೊಳ್ಳುತ್ತಿದ್ದ ಅವನ ಕೈ ನೋಡಿದ.

“ಆ ಬಾಗಿಲುಗಳು ಎತ್ತಿನ ತಲೆಯಲ್ಲೂ ಇವೆಯೇನೋ?”

“ಮೊಲೆಯುಂಡು ಬೆಳೆದ ಪ್ರಾಣಿಗೆಲ್ಲ ಇವೆಯಂತೆ ಅಜ್ಜಾ.”

“ಹಾಗಾದರೆ ಎತ್ತಿನ ಕತೆಯೇ ಆಗಲಿ” ಎಂದು ಅಜ್ಜ ಶುರು ಮಾಡಿದ.

ಒಬ್ಬ ಗಾಡಿಯವನಿದ್ದ. ಹಾಲು ಬೆಳ್ಳಗಿದ್ದರೆ ಸುಣ್ಣ ಕಲಸಿದ್ದಾರೆ ಎನ್ನುವವನು. ತನ್ನ ನೆರಳು ಹಿಂದೆ ಬಂದರೂ ನಿನ್ನನ್ನು ಯಾರು ಕಳಿಸಿದರು ಎಂದು ತಿರುಗಿ ಕೇಳುವವನು. ಅವನು ಹೊಟ್ಟೆಪಾಡಿಗೆ ಹೇರು ತುಂಬಿಕೊಂಡು ಒಂದು ಘಾಟಿ ಇಳಿಯಬೇಕಿತ್ತು. ಆ ಘಾಟಿಯ ಇಳಿಜಾರು ಎಂಥದೆಂದರೆ, ಮೇಲೆ ಒಬ್ಬ ಕೆಮ್ಮಿದರೆ ಕೆಮ್ಮು ಉರುಳಿಕೊಂಡು ಹೋಗಿ ಕೆಳಗಿನ ಊರಿಗೆಲ್ಲ ನೆಗಡಿ ಬರುತ್ತಿತ್ತು.

ಏರು ಹತ್ತುವುದು ದೊಡ್ಡದಲ್ಲ. ಚಾವಟಿ ಆಡಿಸಿದರೆ ಯಾವ ಎತ್ತಾದರೂ ಎಳೆಯುತ್ತದೆ. ಎತ್ತಿನ ಯೋಗ್ಯತೆ ಗೊತ್ತಾಗುವುದು ಇಳಿಯುವಾಗ. ಬಾ ಬಾ ಎನ್ನುವ ಇಳಿಜಾರಿಗೆ ತಾಳು ಎನ್ನಬೇಕು. ಗೊರಸು ಊರಬೇಕು, ಬೆನ್ನ ಹಿಂದಿನ ಭಾರವನ್ನು ನೊಗದಿಂದ ತಡೆಯಬೇಕು. ಗಾಡಿಯವನ ಜೋಡಿ ಎತ್ತುಗಳು ಅದರಲ್ಲಿ ಪಳಗಿದವು.

ಒಂದು ಸಲ ಬಲಗಡೆಯ ಎತ್ತಿಗೆ ಕಾಲು ಉಳುಕಿತು. ಘಾಟಿಯ ತಲೆಯಲ್ಲಿ ಒಬ್ಬ ಮರದ ವ್ಯಾಪಾರಿ ಕೂತಿದ್ದ. ಅವನು ಒಂದು ದಿಮ್ಮಿ ತೋರಿಸಿದ. ಗಾಡಿಯ ಹಿಂದೆ ಹಗ್ಗದಿಂದ ಕಟ್ಟು, ನೆಲಕ್ಕೆ ಉಜ್ಜಿಕೊಂಡು ಬರುತ್ತದೆ, ಎತ್ತಿನ ತಡೆಗೆ ತಾನೂ ಕೈ ಜೋಡಿಸುತ್ತದೆ, ಕಾಲು ವಾಸಿಯಾಗುವ ತನಕ ಇರಲಿ ಎಂದ. ಗಾಡಿಯವನು ದಿಮ್ಮಿಯನ್ನು ಮೂಸಿದ, ತಟ್ಟಿದ, ನೆಕ್ಕಿಯೂ ನೋಡಿದ. ಕೊನೆಗೆ ಕಟ್ಟಿದ. ಗಾಡಿ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿಕೊಂಡು ಇಳಿಯಿತು. ಅಂದು ಗಾಡಿಯವನು ಇಳಿಜಾರಿನಲ್ಲೇ ನಿದ್ದೆ ಮಾಡಿದ.

ಕಾಲು ವಾಸಿಯಾಯಿತು. ಆದರೆ ದಿಮ್ಮಿ ಹಾಗೆಯೇ ಉಳಿಯಿತು. ಸುಖ ಯಾರಿಗೆ ಬೇಡ?

ಕೆಲವು ತಿಂಗಳಿಗೆ ಆ ದಿಮ್ಮಿಗೆ ಗಾಡಿ ನಿಲ್ಲದಾಯಿತು. ವ್ಯಾಪಾರಿ ಇನ್ನೂ ದಪ್ಪದ್ದು ಕೊಟ್ಟ. ಅದೂ ಸಾಲದಾಯಿತು. ಅದಕ್ಕಿಂತ ದಪ್ಪದ್ದು ಬಂತು. ಅದೇ ಘಾಟಿ, ಅದೇ ಹೇರು. ದಿಮ್ಮಿ ಮಾತ್ರ ಏಕೆ ಬೆಳೆಯುತ್ತಿದೆ? ಗಾಡಿಯವನ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು. ವ್ಯಾಪಾರಿ ಟೊಳ್ಳು ಮರ ಕೊಡುತ್ತಿದ್ದಾನೆ ಎಂದು ಸೀಳಿ ನೋಡಿದ. ಮರ ಗಟ್ಟಿಯಾಗಿತ್ತು. ಇಳಿಜಾರನ್ನೇ ಯಾರೋ ಕಡಿದು ಕಡಿದಾಗಿಸಿದ್ದಾರೆ ಎಂದು ಹೋಗಿ ನೋಡಿದ. ಅದು ಅವನ ತಾತನ ಕಾಲದಲ್ಲಿ ಇದ್ದ ಹಾಗೆಯೇ ಇತ್ತು.

ಒಂದು ದಿನ ಇಳಿಯುವಾಗ ಗಾಡಿಯಿಂದ ಕೆಳಗಿಳಿದು ಎತ್ತುಗಳ ಪಕ್ಕದಲ್ಲಿ ನಡೆದ. ವ್ಯಾಪಾರಿಯೂ ಕೆಳಗಿನ ಊರಿಗೆಂದು ಜೊತೆಗೆ ಬರುತ್ತಿದ್ದ. ಆಗ ಗಾಡಿಯವನಿಗೆ ಕಂಡಿತು. ಎತ್ತುಗಳು ಗೊರಸು ಊರುತ್ತಿರಲಿಲ್ಲ. ಹುಲ್ಲುಗಾವಲಿನಲ್ಲಿ ಅಡ್ಡಾಡುವ ಹಾಗೆ ಹೆಜ್ಜೆ ಹಾಕುತ್ತಿದ್ದವು. ಹೆಗಲು ಮುಟ್ಟಿ ನೋಡಿದ. ಹಳೆಯ ಜಡ್ಡು ಕರಗಿ ಕರುವಿನ ಹೆಗಲಿನ ಹಾಗೆ ಮೆತ್ತಗಾಗಿತ್ತು. ತಡೆಯಲು ದಿಮ್ಮಿ ಇದೆಯೆಂದು ಎತ್ತುಗಳು ತಡೆಯುವುದನ್ನು ಕಡಿಮೆ ಮಾಡಿದ್ದವು. ಅವು ಕಡಿಮೆ ಮಾಡಿದಷ್ಟೂ ದಿಮ್ಮಿ ದೊಡ್ಡದಾಗಬೇಕಿತ್ತು.

ಗಾಡಿಯವನ ಮೈಯೆಲ್ಲ ಉರಿದುಹೋಯಿತು. ಅವನ ಅನುಮಾನ ಕೊನೆಗೂ ನಿಜವಾಗಿತ್ತು. ಸೊಂಟದ ಕುಡುಗೋಲು ಹಿರಿದುಕೊಂಡು ಗಾಡಿಯ ಹಿಂದಕ್ಕೆ ಹೋದ. ಆಗಿನ್ನೂ ಗಾಡಿ ಎರಡನೆಯ ತಿರುವಿನಲ್ಲಿತ್ತು.

“ಇಲ್ಲಿ ಕೊಯ್ಯಬೇಡಪ್ಪ” ಎಂದ ವ್ಯಾಪಾರಿ. “ನಾಳೆಯಿಂದ ಸಣ್ಣ ಸಣ್ಣದು ಕಟ್ಟೋಣ. ಎತ್ತಿಗೆ ಮರೆತದ್ದು ನೆನಪಾಗಲಿ.”

“ದಿಮ್ಮಿ ಮಾರುವವನು ಇನ್ನೇನು ಹೇಳುತ್ತಾನೆ? ಬೆಕ್ಕು ಹಾಲಿಗೆ ಮುಚ್ಚಳ ಬೇಡ ಅಂದ ಹಾಗೆ.”

ಅವನು ಹಗ್ಗ ಕೊಯ್ದ.

ದಿಮ್ಮಿ ನಿಂತಲ್ಲಿ ನಿಂತಿತು. ಗಾಡಿ ನಿಲ್ಲಲಿಲ್ಲ. ಒಂದು ಚಕ್ರ ಕಳಚಿ ಉರುಳಿ ಏಳು ಊರು ದಾಟಿತು. ಎಂಟನೆಯ ಊರಿನವರು ಅದನ್ನು ದೇವರೆಂದು ನಿಲ್ಲಿಸಿಕೊಂಡಿದ್ದಾರೆ, ನಾನೇ ಹೋಗಿ ಕಾಯಿ ಒಡೆಸಿಕೊಂಡು ಬಂದಿದ್ದೇನೆ ಎಂದ ಅಜ್ಜ. ಬೇರೆ ದಿನವಾಗಿದ್ದರೆ ಚನ್ನವೀರ ನಗುತ್ತಿದ್ದ.

ಎತ್ತುಗಳಿಗೆ ನಿಲ್ಲುವ ಆಸೆಯಿತ್ತು. ಗೊರಸಿಗೆ ಅದು ಮರೆತುಹೋಗಿತ್ತು. ಇಷ್ಟು ದಿನ ದಿಮ್ಮಿ ಹಿಡಿದಿಟ್ಟಿದ್ದ ಓಟವೆಲ್ಲ ಒಮ್ಮೆಗೇ ಅವುಗಳ ಮೈಮೇಲೆ ಬಂತು. ಮೂರನೆಯ ತಿರುವಿನಲ್ಲಿ ನೊಗ ಮುರಿಯಿತು. ಬಲಗಡೆಯ ಎತ್ತು ನೆಲಕ್ಕೆ ಬಿತ್ತು. ಬಿದ್ದ ಮೇಲೂ ನಾಲ್ಕು ಕಾಲನ್ನೂ ಬಡಿಯುತ್ತಿತ್ತು. ಬಾಯಿಯಲ್ಲಿ ನೊರೆ ಬಂತು, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಮಲಗಿದಲ್ಲೇ ಅದಿನ್ನೂ ಘಾಟಿ ಇಳಿಯುತ್ತಿತ್ತು. ಗಾಡಿಯವನು ಅದರ ಕೊರಳು ತಬ್ಬಿ ಹೋ ಹೋ ಎಂದು ಕರೆದ. ಸ್ವಲ್ಪ ಹೊತ್ತಿಗೆ ಕಾಲು ಬಡಿಯುವುದು ನಿಂತಿತು. ಉಸಿರೂ ನಿಂತಿತು.

ಅಜ್ಜ ಇಲ್ಲಿಗೆ ಕತೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚತೊಡಗಿದ.

ಕತೆಯಲ್ಲಿ ಚನ್ನವೀರನಿಗೆ ಬೇಕಾದ ಒಂದು ಮಾತಿತ್ತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಹಾಗಾದರೆ ಗಾಡಿಯವನು ಅನುಮಾನ ಪಟ್ಟದ್ದು ಸರಿಯೇ ಅಲ್ಲವೇ ಎಂದು ಕೇಳಿದ.

ಅಜ್ಜ ಹೌದೆಂದು ತಲೆಯಾಡಿಸಿದ. ಎಲೆಯನ್ನು ಮಡಿಸಿ ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡ. ಚನ್ನವೀರನ ಮಡಿಲಿನ ಗಂಟನ್ನೇ ನೋಡುತ್ತ ಕೇಳಿದ:

“ನಿನ್ನ ಅಣ್ಣನ ಗಾಡಿ ಈಗ ಎಷ್ಟನೆಯ ತಿರುವಿನಲ್ಲಿದೆಯೋ, ಚನ್ನವೀರ?”

ಚನ್ನವೀರ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಮನೆಯ ಕಡೆಗೆ ಓಡಿದ. ಅವನ ಚಪ್ಪಲಿಗಳು ಮಠದ ಬಾಗಿಲಲ್ಲೇ ಉಳಿದವು.