ಹಳ್ಳ ದಾಟಿದ ಮಳಸಿದ್ದನ ರೇಷನ್ ಕಾರ್ಡು

ನಂಬದವರು ಮುಂದಿನ ಸಾಲಿಗೆ ಬರ್ರಿ. ನಂಬುವವರು ಹಿಂದೆ ಕೂಡ್ರಿ, ನಿಮ್ಮ ಸಲುವಾಗಿ ನಾನು ದನಿ ಎತ್ತಬೇಕಾಗಿಲ್ಲ. ಇದು ಸುಳ್ಳು ಅನ್ನುವವನು ನಮ್ಮ ಬೇವಿನಾಳಕ್ಕೆ ಬರಲಿ, ನಿಂಬೆವ್ವನ ಮನೆ ಬಾಗಿಲು ನೋಡಲಿ. ಕೀಲಿ ಬೀಳುವ ಜಾಗದಲ್ಲಿ ಕಟ್ಟಿಗೆ ಕಿತ್ತು ತಗ್ಗು ಬಿದ್ದಿದೆ. ಅದನ್ನು ಒಡೆದವನು ನಾನು, ಯಲ್ಲಾಲಿಂಗ. ಮೂರೇ ಪೆಟ್ಟು! ಊರಿನವರು ಒಂಬತ್ತು ಅಂತಾರೆ. ಅವರಿಗೆ ಎಣಿಸಾಕ ಬರಂಗಿಲ್ಲ.

ಆ ಪೆಟ್ಟು ಯಾಕೆ ಬಿತ್ತು ಅನ್ನುವುದೇ ಕತೆ.

ನಿಂಬೆವ್ವನಿಗೆ ಒಬ್ಬನೇ ಮಗ, ಮಳಸಿದ್ದ. ಎತ್ತಿನಂಥ ಮೈ, ಹಾಲಿನಂಥ ಮನಸ್ಸು. ತಲೆಯೊಳಗೆ ಮಾತ್ರ ಒಮ್ಮೆಗೆ ಒಂದೇ ಮಾತು ಹಿಡಿಯುತ್ತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಬೇಕು ಅಂತ ಎಲ್ಲ ತಾಯಂದಿರೂ ಹರಕೆ ಹೊರುತ್ತಾರೆ. ನಿಂಬೆವ್ವನಿಗೆ ಅಂಥವನೇ ಸಿಕ್ಕಿದ್ದ, ಅದಕ್ಕೇ ಅಳುತ್ತಿದ್ದಳು.

ತಾಯಿ ಮಗ ಮೊದಲು ಇದ್ದದ್ದು ಬೋರವಾಡಿಯಲ್ಲಿ, ಹಳ್ಳದ ಆಚೆ. ಆಚೆ ದಂಡೆ ಮಹಾರಾಷ್ಟ್ರ, ಈಚೆ ದಂಡೆ ನಮ್ಮ ಕರ್ನಾಟಕ. ನಡುವೆ ಮೊಣಕಾಲು ಮಟ ನೀರು. ನಮ್ಮ ಎಮ್ಮೆಗಳು ದಿನಕ್ಕೆ ನಾಲ್ಕು ಸಲ ರಾಜ್ಯ ಬದಲು ಮಾಡುತ್ತವೆ, ಯಾವ ಸಾಹೇಬನೂ ಕೇಳುವುದಿಲ್ಲ. ನಿಂಬೆವ್ವನ ತವರಿನವರು ಈಚೆ ಬೇವಿನಾಳದಲ್ಲಿ ಅವಳಿಗೆ ಒಂದು ಕಲ್ಲಿನ ಮನೆ ಬಿಟ್ಟುಕೊಟ್ಟರು. ಹಾಸಿಗೆ, ಬೀಸುವ ಕಲ್ಲು, ಟ್ರಂಕು, ಎಮ್ಮೆ, ಮಗ, ಎಲ್ಲಾ ಕಟ್ಟಿಕೊಂಡು ಒಂದು ಮುಂಜಾನೆ ಹಳ್ಳ ದಾಟಿ ಬಂದಳು.

"ನಾವು ದಾಟಿದ್ದು ಹತ್ತು ನಿಮಿಷದಾಗ. ನಮ್ಮ ಹೆಸರು ದಾಟಾಕ ಎಷ್ಟು ಅಲೀಬೇಕೋ ಯಪ್ಪಾ!" ಅಂತ ಹಣೆ ಹಿಡಿದು ಕೂತಳು.

ಖರೇನೇ. ಆಚೆ ರೇಷನ್ ಕಾರ್ಡಿನಿಂದ ಹೆಸರು ಕಡಿಸಬೇಕು. ಕಡಿಸಿದ ಚೀಟಿ ಈಚೆ ನಾಡಕಚೇರಿಗೆ ಕೊಡಬೇಕು. ಅರ್ಜಿ ಬೇಕು, ಫೋಟೋ ಬೇಕು, ಇದೇ ಮನೆಯಲ್ಲಿ ಇದ್ದಾಳೆ ಅಂತ ಊರ ಲೆಕ್ಕ ಬರೆಯುವ ತಲಾಠಿ ಬಂದು ನೋಡಿ ಬರೆದ ವರದಿ ಬೇಕು. ಶ್ರಾವಣದ ಕಡೇ ಶುಕ್ರವಾರ ಸಂಜೆ ಐದಕ್ಕೆ ಪಟ್ಟಿ ಬಂದ್. ತಪ್ಪಿತೋ, ಆಚೆಯೂ ಹೆಸರಿಲ್ಲ, ಈಚೆಯೂ ಹೆಸರಿಲ್ಲ. ಮುಂದಿನ ವರ್ಷದವರೆಗೆ ಒಂದು ಕಾಳು ಅಕ್ಕಿ ಇಲ್ಲ.

ನಿಂಬೆವ್ವ ಮಗನನ್ನು ಕರೆದಳು. "ಬೋರವಾಡಿಗೆ ಹೋಗು. ಹೆಸರು ಕಡಿಸಿದ ಚೀಟಿ ಇಸ್ಕೊಂಡು ಬಾ. ಏನೇ ಆಗ್ಲಿ, ಚೀಟಿ ಕೈ ಬಿಡಬ್ಯಾಡ!"

"ಆಗ್ಲೇಳ ಯವ್ವಾ."

ಹೋದ, ಚೀಟಿ ಇಸಿದುಕೊಂಡ, ಮುಷ್ಟಿಯಲ್ಲಿ ಹಿಡಿದ. ಹಳ್ಳದ ನಡುವೆ ಪಾಚಿಗೆ ಕಾಲು ಜಾರಿತು. ದೊಪ್ ಅಂತ ಬಿದ್ದ! ಚಪ್ಪಲಿ ಹೋಯ್ತು, ಟವೆಲ್ ಹೋಯ್ತು, ನೀರು ಕುಡಿದ, ಮೀನು ಮಾತಾಡಿಸಿದ. ಮುಷ್ಟಿ ಮಾತ್ರ ಬಿಡಲಿಲ್ಲ. ಮನೆಗೆ ಬಂದು ಬೆರಳು ಬಿಚ್ಚಿದರೆ ಒಳಗೆ ಚೀಟಿ ಅಲ್ಲ, ಹಸಿ ಹಿಟ್ಟಿನಂಥ ಉಂಡಿ.

"ಕೈ ಬಿಟ್ಟಿಲ್ಲ ನೋಡು ಯವ್ವಾ!"

"ಅಯ್ಯ ನನ್ನ ಖೋಡೀ! ಕಾಗದ ಅಂದ್ರ ಹಿಂಗ ಹಿಂಡಿಕೊಂಡು ಬರ್ತಾರೇನು? ಜ್ವಾಕಿಯಿಂದ ನಾಲ್ಕು ಮಡಿಕಿ ಮಡಚಬೇಕು, ತಲಿಗೆ ರುಮಾಲು ಸುತ್ತಿ ಅದರಾಗ ಸಿಗಸಬೇಕು!"

"ಆಗ್ಲೇಳ ಯವ್ವಾ, ಮುಂದಿನ ಸಲ ಹಂಗ ಮಾಡ್ತೀನಿ."

ಪುಣ್ಯ, ನಿಂಬೆವ್ವ ಜಾಣೆ. ಉಂಡಿಯನ್ನು ಮೆಲ್ಲಗೆ ಬಿಚ್ಚಿ ರೊಟ್ಟಿ ಹಂಚಿನ ಮೇಲೆ ಹಾಕಿ ಒಣಗಿಸಿದಳು. ಅಂಚು ಕಂದಾಯಿತು, ಸರಕಾರದ ಮುದ್ರೆಯ ಸಿಕ್ಕಾ ಉಳಿಯಿತು.

ಮರುದಿನ ಪೇಟೆಗೆ ಹೋಗಿ ಫೋಟೋ ತೆಗೆಸಿದಳು. ಇಳಕಲ್ ಸೀರೆ, ಹಣೆಗೆ ವಿಭೂತಿ, ಕಲ್ಲು ಕಟೆದಂಗ ಮುಖ. "ಒಯ್ದು ಮೇಡಮ್ಮರಿಗೆ ಕೊಡು," ಅಂದಳು. ನಾಡಕಚೇರಿಯಲ್ಲಿ ಕೂಡುವವರು ಹಂಜಗಿ ಮೇಡಮ್ಮರು. ಬಾಯಿ ಜೋರು, ಕೆಲಸ ಚೊಕ್ಕ.

ಮಳಸಿದ್ದ ಫೋಟೋವನ್ನು ಮಡಚಿದ. ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಕೆ, ನಾಲ್ಕು ಮಡಿಕೆ! ಮಡಚಲು ಬರಲಿಲ್ಲ ಅಂದಾಗ ಹಲ್ಲಿನಲ್ಲಿ ಕಚ್ಚಿ ಮಡಚಿದ. ರುಮಾಲಿನಲ್ಲಿ ಸಿಗಿಸಿಕೊಂಡು ಹೋಗಿ ಕೊಟ್ಟ.

"ಇದ್ಯಾರೋ?" ಅಂದರು ಮೇಡಮ್ಮರು.

"ನಮ್ಮವ್ವರಿ."

"ನಿಮ್ಮವ್ವಗ ಮೂಗು ಎಷ್ಟೋ?"

"ಒಂದೇ ಇತ್ತರಿ, ಮುಂಜಾನೆ."

"ಹೋಗಾಚೆ! ಫೋಟೋನೇ ಬ್ಯಾಡ. ಕಡೇ ಶುಕ್ರವಾರ ನಿಮ್ಮವ್ವನ್ನೇ ಕರ್ಕೊಂಡು ಬಾ. ನಮ್ಮ ಮಷೀನಿನಾಗೇ ಫೋಟೋ ತಗೀತೀವಿ, ಹೆಬ್ಬಟ್ಟು ತಗೋತೀವಿ. ಈಗ ಈ ಅರ್ಜಿ ಒಯ್ದು ತುಂಬಿಸ್ಕೊಂಡು ಬಾ."

ಮನೆಯಲ್ಲಿ ಮತ್ತೆ ರಾಮಾಯಣ. "ಲೇ ಮಗನ, ಸರಕಾರದ ಕೆಲಸಕ್ಕ ಹೋಗೋ ವಸ್ತು ಹಿಂಗ ಮುದುಡಿ ಹಾಳು ಮಾಡ್ತಾರೇನು? ಅಂಗಡ್ಯಾಗ ಕೊಟ್ಟು ಮ್ಯಾಲೆ ಕೆಳಗ ಪ್ಲಾಸ್ಟಿಕ್ ಹಾಕಿಸಬೇಕು! ನೀರು ತಾಗಬಾರ್ದು, ಮಡಿಕಿ ಬೀಳಬಾರ್ದು!"

"ಆಗ್ಲೇಳ ಯವ್ವಾ, ಮುಂದಿನ ಸಲ ಹಂಗ ಮಾಡ್ತೀನಿ."

ಅರ್ಜಿಯನ್ನು ನಿಂಬೆವ್ವ ಸಾಲಿ ಮಾಸ್ತರರ ಕೈಯಿಂದ ತುಂಬಿಸಿದಳು. ಹೆಬ್ಬಟ್ಟು ಒತ್ತುವುದೊಂದೇ ಬಾಕಿ. ನೀರು ತರಲು ಹೋಗಿ ಬರುವಷ್ಟರಲ್ಲಿ ಅರ್ಜಿಯೂ ಇಲ್ಲ, ಮಗನೂ ಇಲ್ಲ. ಮಳಸಿದ್ದ ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಕಿಸಿ ಕಚೇರಿಯ ಮೇಜಿನ ಮೇಲೆ ಟಪ್ ಅಂತ ಇಟ್ಟ. ದೇವರ ಪಟದಂಗೆ ಹೊಳೆಯುತ್ತಿತ್ತು.

ಮೇಡಮ್ಮರು ಸಿಕ್ಕಾ ಒತ್ತಿದರು. ಜಾರಿತು. ಇನ್ನೊಮ್ಮೆ ಒತ್ತಿದರು. ಇನ್ನಷ್ಟು ಜಾರಿತು. ಮಸಿ ಹರಿದು ಅವರ ಸೀರೆಗೇ ಸಿಕ್ಕಾ ಬಿತ್ತು.

"ಹೆಬ್ಬಟ್ಟು ಎಲ್ಲಿ ಒತ್ಲೋ ನಿಮ್ಮವ್ವ? ನನ್ನ ತಲಿ ಮ್ಯಾಲೇನು?"

ಬೇರೆ ಅರ್ಜಿ ಕೊಟ್ಟು ಹೊರಗೆ ಹಾಕಿದರು. ನಿಂಬೆವ್ವ ಈ ಸಲ ಮಸಿಯ ಡಬ್ಬಿಯನ್ನೇ ಕೊಂಡು ತಂದಳು. ಅರ್ಜಿ ಹರವಿ, ತಾನೇ ಒತ್ತಿ ತೋರಿಸಿದಳು. "ನೋಡ್ಕೋ. ಎಲ್ಲಿ ಖಾಲಿ ಜಾಗ ಬಿಟ್ಟಾರ, ಅಲ್ಲಿ ಹೆಬ್ಬಟ್ಟು ಒತ್ತಬೇಕು. ತಿಳೀತಿಲ್ಲೋ? ಖಾಲಿ ಜಾಗ ಕಂಡ್ರ ಹೆಬ್ಬಟ್ಟು!"

"ಖಾಲಿ ಜಾಗ ಕಂಡ್ರ ಹೆಬ್ಬಟ್ಟು. ಆಗ್ಲೇಳ ಯವ್ವಾ, ಮುಂದಿನ ಸಲ ಹಂಗ ಮಾಡ್ತೀನಿ."

ಬುಧವಾರ ತಲಾಠಿ ಕುಂಬಾರ ಸಾಹೇಬರು ಮನೆ ನೋಡಲು ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ನುಣ್ಣಗೆ ಬೋಳು ತಲೆ. ನಿಂಬೆವ್ವ ಬಿಡುತ್ತಾಳೆಯೇ? ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಡಿಸಿದಳು. ಅರ್ಜಿ, ಚೀಟಿ ಮುಂದಿಟ್ಟಳು. ಸಾಹೇಬರು ಉಂಡರು, ತೇಗಿದರು. "ಒಂದೈದು ನಿಮಿಷ ಕಣ್ಣು ಮುಚ್ಚಿ ಆಮ್ಯಾಲೆ ಬರೀತೀನವ್ವ," ಅಂತ ಹೊರಸಿನ ಮೇಲೆ ಬೋರಲು ಮಲಗಿದರು. ನಿಂಬೆವ್ವ ಎಮ್ಮೆಗೆ ನೀರು ಕುಡಿಸಲು ಹಿತ್ತಲಿಗೆ ಹೋದಳು.

ಮಳಸಿದ್ದ ನೋಡಿದ. ಬೆನ್ನ ತುಂಬ ಬಿಳಿ ಅಂಗಿ. ಒಂದು ಅಕ್ಷರ ಇಲ್ಲ! ಮಸಿಯ ಡಬ್ಬಿ ತಂದ. ಒತ್ತಿದ, ಒತ್ತಿದ, ಒತ್ತಿದ. ಬೆನ್ನು ತುಂಬಿತು. ತಲೆ ಎತ್ತಿ ನೋಡಿದರೆ, ಅಯ್ಯಯ್ಯೋ, ಇಷ್ಟು ದೊಡ್ಡ ಖಾಲಿ ಜಾಗ ಬಿಟ್ಟೇ ಬಿಟ್ಟಿದ್ದೆನಲ್ಲ! ನೆತ್ತಿಯ ನಡುಮಧ್ಯ ಒಂದು, ಸುತ್ತಲೂ ಎಂಟು.

ಸಾಹೇಬರು ಎದ್ದರು. "ಕಾಗದ ಕೊಡೋ ತಮ್ಮಾ, ಕಚೇರ್ಯಾಗೇ ಕೂತು ಬರೀತೀನಿ," ಅಂದರು. ಮಳಸಿದ್ದ ಅರ್ಜಿ, ಅಸಲು ಚೀಟಿ ಎಲ್ಲಾ ಕೊಟ್ಟ. ಸಾಹೇಬರು ಮೋಟರ್‌ಸೈಕಲ್ ಏರಿ, ಬಸ್‌ಸ್ಟ್ಯಾಂಡಿನ ನಡುವೆ ಹಾದು, ಎಲ್ಲರ ನಮಸ್ಕಾರ ತೆಗೆದುಕೊಳ್ಳುತ್ತ ಕಚೇರಿಗೆ ಹೋದರು. ಇಂದು ಜನ ಇಷ್ಟು ನಗುಮುಖದಿಂದ ಇದ್ದಾರಲ್ಲ ಅಂತ ಅವರಿಗೂ ಸಂತೋಷ.

ಹಂಜಗಿ ಮೇಡಮ್ಮರು ಕೇಳಿದರು: "ಸಾಹೇಬ್ರ, ನಿಮ್ಮ ತಲಿ ಯಾರಿಗೆ ಬರ್ಕೊಟ್ರಿ? ಸಾಕ್ಷಿದಾರರ ಹೆಬ್ಬಟ್ಟು ಸೈತ ಬಿದ್ದಾವಲ್ಲ!"

ಆಯ್ತು. ವರದಿ ಇಲ್ಲ. "ಆ ಮನಿ ಹೊಸ್ತಿಲ ತುಳಿಯಂಗಿಲ್ಲ," ಅಂತ ಸಾಹೇಬರು ಆಣೆ ಇಟ್ಟರು. ಕಾಗದ ಎಲ್ಲಾ ಅವರ ಚೀಲದಲ್ಲೇ. ನಿಂಬೆವ್ವ ಗುರುವಾರ ಪೂರ್ತಿ ಅವರ ಅಂಗಳದಲ್ಲಿ ಕೈ ಮುಗಿದು ಕೂತು, ಕಾಗದ ಬಿಡಿಸಿಕೊಂಡು, ಬರಿಗಾಲಲ್ಲಿ ನಡೆದು ಮನೆಗೆ ಬಂದಳು. ಕಣ್ಣು ಕೆಂಪಾಗಿದ್ದವು. ಈ ಸಲ ಬೈಯಲಿಲ್ಲ, ಮೆಲ್ಲಗೆ ಹೇಳಿದಳು.

"ಕೇಳೋ ಮಗನ. ಅಸಲು ಅನ್ನೋದು ಜಗತ್ತಿನಾಗ ಒಂದೇ ಇರ್ತದ. ಕಳೀತಂದ್ರ ಮತ್ತ ಸಿಗಂಗಿಲ್ಲ. ಸರಕಾರದವರು ಕೇಳಿದ್ರೂ ಅಸಲು ಕೊಡಬಾರ್ದು. ಅಸಲು ಮನ್ಯಾಗಿಟ್ಟು ಕೀಲಿ ಹಾಕಬೇಕು. ಕೀಲಿಕೈ ಯಾರಿಗೂ ಸಿಗದಂಗ ಇಡಬೇಕು. ಕಚೇರಿಗೆ ಝೆರಾಕ್ಸ್ ಒಯ್ದು ಕೊಡಬೇಕು."

"ಆಗ್ಲೇಳ ಯವ್ವಾ," ಅಂದ ಮಳಸಿದ್ದ. ಅವನ ಕಣ್ಣಲ್ಲೂ ನೀರು. "ಮುಂದಿನ ಸಲ ಹಂಗ ಮಾಡ್ತೀನಿ."

ಶುಕ್ರವಾರ ಬಂತು. ಕಡೇ ದಿನ. ನಿಂಬೆವ್ವ ಕಚೇರಿಗೆ ಹೋಗಲೆಂದು ಒಳಗೆ ಇಳಕಲ್ ಸೀರೆ ಉಡುತ್ತಿದ್ದಳು. ಮಳಸಿದ್ದ ಹೊರಗೆ ಕಟ್ಟೆಯ ಮೇಲೆ ಕೂತು ವಿಚಾರ ಮಾಡಿದ. ಮೇಡಮ್ಮರು ಕೇಳಿದ್ದು ಏನನ್ನ? ಅವ್ವನ್ನ. ಅವ್ವ ಎಷ್ಟು ಮಂದಿ? ಜಗತ್ತಿನಾಗ ಒಬ್ಬಾಕಿ. ಕಳೆದರೆ ಮತ್ತೆ ಸಿಗುತ್ತಾಳೆಯೇ? ಸಿಗಂಗಿಲ್ಲ!

ಎದ್ದ. ಬಾಗಿಲು ಎಳೆದ. ಕೀಲಿ ಹಾಕಿದ. ಕೀಲಿಕೈಯನ್ನು ಹಾಳು ಬಾವಿಗೆ ಒಗೆದ. ಬುಳುಕ್! ಯಾರಿಗೆ ಸಿಗುತ್ತದೆ ಈಗ? ಮೇಡಮ್ಮರು ತಿರುಗಿ ಕೊಟ್ಟಿದ್ದ ಆ ಮಡಿಕೆ ಬಿದ್ದ ಫೋಟೋ ಅಂಗಿಯ ಕಿಸೆಯಲ್ಲೇ ಇತ್ತು. ಪೇಟೆಗೆ ಹೋಗಿ ದೊಡ್ಡದಾಗಿ ಝೆರಾಕ್ಸ್ ತೆಗೆಸಿದ, ನಾಡಕಚೇರಿಯ ಮುಂದೆ ಪಾಳಿ ಹಚ್ಚಿ ನಿಂತ. ಇವನ ಪಾಳಿ ಬಂದಾಗ ಮೂರೂವರೆ.

"ನಿಮ್ಮವ್ವ ಎಲ್ಲೋ?"

"ತಗೋರಿ ಮೇಡಮ್ಮರ."

ಮೇಡಮ್ಮರು ನೋಡಿದರು. ಮೂರು ಮೂಗಿನ ಕರಿ ಮುಖ ಅವರನ್ನು ನೋಡಿತು.

"ಇದು ಝೆರಾಕ್ಸ್!"

"ಹೌದ್ರಿ," ಅಂದ ಮಳಸಿದ್ದ, ಎದೆ ಉಬ್ಬಿಸಿ. "ಅಸಲು ಮನ್ಯಾಗ ಕೀಲಿ ಹಾಕಿ ಇಟ್ಟೀನ್ರಿ."

ಕುಂಬಾರ ಸಾಹೇಬರು ಕೂತಲ್ಲೇ ನಗಲು ಶುರು ಮಾಡಿದರು. ನಕ್ಕು ನಕ್ಕು ಹೊಟ್ಟೆ ಹಿಡಿದರು. ಎರಡು ದಿನದ ಸಿಟ್ಟು ಕಣ್ಣೀರಾಗಿ ಹರಿದುಹೋಯಿತು.

ಮೇಡಮ್ಮರು ನಗಲಿಲ್ಲ, ಗಡಿಯಾರ ನೋಡಿದರು. ಹಾಸಿಗೆ ಹಿಡಿದ ಮುದುಕರ ಮನೆಗೆ ಒಯ್ಯುವ ಸಣ್ಣ ಮಷೀನು ಕಪಾಟಿನಿಂದ ತೆಗೆದರು. "ಏಳ್ರಿ ಸಾಹೇಬ್ರ, ಗಾಡಿ ತಗೀರಿ. ಆ ತಾಯಿ ಹೆಸರು ಇವತ್ತು ಹತ್ತದಿದ್ರ ಒಂದು ವರ್ಷ ಹತ್ತಂಗಿಲ್ಲ." ಮಳಸಿದ್ದನೂ ಅವರ ಜೊತೆ ಗಾಡಿ ಏರಿದ.

ಅಷ್ಟರಲ್ಲಿ ಬೇವಿನಾಳದಲ್ಲಿ ಏನು ನಡೆದಿತ್ತು? ನಿಂಬೆವ್ವ ಕಿಟಕಿಯ ಸರಳು ಹಿಡಿದು ಮಗನ ಏಳು ತಲೆಮಾರಿಗೆ ಮಂಗಳಾರತಿ ಮಾಡುತ್ತಿದ್ದಳು. ಆ ಏಳು ತಲೆಮಾರು ತನ್ನವೂ ಹೌದು ಅನ್ನುವುದು ಆಕೆಗೆ ನೆನಪಿರಲಿಲ್ಲ. ನಾನು ಹೊಲದಿಂದ ಆಗ ತಾನೇ ಬಂದಿದ್ದೆ. ಬಾಗಿಲು ಹಳೇ ಸಾಗವಾನಿ, ಕೀಲಿ ಅಂಗೈ ಅಗಲ. ಬೇರೆ ಯಾರಾದರೂ ಆಗಿದ್ದರೆ ಕೈ ಬಿಡುತ್ತಿದ್ದರು. ನಾನು ಸುತ್ತಿಗೆ ತಂದೆ.

"ಯಲ್ಲಾಲಿಂಗ, ಬಾಗಿಲು ಆಮ್ಯಾಲೆ ಒಡಿಯೋ!" ಅಂತ ಮೇಡಮ್ಮರು ಗಾಡಿಯಿಂದ ಇಳಿಯುತ್ತಲೇ ಕೂಗಿದರು. "ಮೊದಲ ಹೆಬ್ಬಟ್ಟು! ನಿಂಬೆವ್ವ, ಕೈ ಹೊರಗ ಚಾಚವ್ವ!"

ಸರಳಿನ ನಡುವಿನಿಂದ ಕೈ ಬಂತು. ಹೆಬ್ಬಟ್ಟು ಮಷೀನಿನ ಮೇಲೆ ಕೂತಿತು. ಕೀಂ ಅಂದಿತು. "ಈಗ ಮುಖ ತೋರಿಸವ್ವ!" ಮುಖ ತೋರಿಸಿದಳು. ಫೋಟೋ ಬಿತ್ತು. ಅರ್ಜಿ, ಚೀಟಿಯೂ ಸರಳಿನ ನಡುವಿನಿಂದಲೇ ಹೊರಗೆ ಬಂದವು.

"ಇನ್ನ ವರದಿ," ಅಂದರು ಮೇಡಮ್ಮರು, ಸಾಹೇಬರ ಕಡೆ ನೋಡುತ್ತ. ವರದಿ ಇಲ್ಲದಿದ್ದರೆ ಹೆಬ್ಬಟ್ಟು ಯಾತಕ್ಕೂ ಬರುವುದಿಲ್ಲ.

ಕುಂಬಾರ ಸಾಹೇಬರು ಹೊಸ್ತಿಲು ತುಳಿಯಲಿಲ್ಲ, ಆಣೆ ಇತ್ತಲ್ಲ. ಕಿಟಕಿಯ ಹತ್ತಿರ ಬಂದು ಗಂಭೀರವಾಗಿ ಕೇಳಿದರು. "ನಿಂಬೆವ್ವ, ನೀನು ಇದೇ ಮನ್ಯಾಗ ಇರೋದು ಖರೆ ಏನು?"

"ಬ್ಯಾರೆ ಎಲ್ಲಿ ಇರ್ಲೋ ಯಪ್ಪಾ? ಈ ಭಾಡ್ಯಾ ಹೊರಗ ಬಿಟ್ರಲ್ಲ!"

ಸಾಹೇಬರು ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದರು. "ಅರ್ಜಿದಾರಳು ಸದರಿ ಮನೆಯಲ್ಲೇ ವಾಸವಾಗಿರುತ್ತಾಳೆ. ಬೇರೆಲ್ಲೂ ಹೋಗಲು ಸಾಧ್ಯವಿಲ್ಲದ್ದನ್ನು ಖುದ್ದು ನೋಡಿರುತ್ತೇನೆ." ಸಹಿ ಹಾಕಿದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಮೇಡಮ್ಮರು ಅಲ್ಲೇ ಮಷೀನಿನಲ್ಲಿ ಹೆಸರು ಪಟ್ಟಿಗೆ ಹತ್ತಿಸಿದರು.

ಆಮೇಲೆ ನಾನು ಸುತ್ತಿಗೆ ಎತ್ತಿದೆ. ಮೂರು ಪೆಟ್ಟು. ಹೇಳಿದೆನಲ್ಲ.

ನಾನು ಕೊನೆಯ ಪೆಟ್ಟು ಹಾಕುವ ಮೊದಲು ನಿಂಬೆವ್ವ ಸರಳಿನ ಒಳಗಿಂದ ಮಗನಿಗೆ ಒಂದು ಮಾತು ಹೇಳಿದಳು. "ಕಾರ್ಡು ಬಂದ ದಿನ ದಾರ್ಯಾಗ ಎಲ್ಲೂ ನಿಲ್ಲಬ್ಯಾಡ. ಸೀದಾ ಈ ಕಿಟಕಿಗೆ ತಂದು ನನ್ನ ಕೈಯಾಗ ಕೊಡು, ಕೇಳಿದಿಯಾ?"

"ಆಗ್ಲೇಳ ಯವ್ವಾ, ಹಂಗ ಮಾಡ್ತೀನಿ."

ತಿಂಗಳಾದ ಮೇಲೆ ಕಾರ್ಡು ಬಂತು. ಮಳಸಿದ್ದ ಮಡಚಲಿಲ್ಲ, ಹಿಂಡಲಿಲ್ಲ, ಪ್ಲಾಸ್ಟಿಕ್ ಹಾಕಿಸಲಿಲ್ಲ, ಹೆಬ್ಬಟ್ಟು ಒತ್ತಲಿಲ್ಲ. ಎರಡೂ ಅಂಗೈ ಮೇಲೆ ಇಟ್ಟುಕೊಂಡು ಓಡಿ ಬಂದ. ನಿಂಬೆವ್ವ ಬಾಗಿಲಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದಳು. ಆಕೆಯನ್ನು ದಾಟಿ, ಮನೆ ಸುತ್ತಿ, ಕಿಟಕಿಗೆ ಹೋಗಿ ನಿಂತ.

"ಇತ್ಲಾಗ ಎಲ್ಲಿ ಹೊಂಟ್ಯೋ? ನಾನು ಇಲ್ಲಿದ್ದೀನಲ್ಲ!"

"ಅಲ್ಲಿ ಇರಬ್ಯಾಡ ಯವ್ವಾ! ಒಳಗ ಹೋಗು! ಕಿಟಕಿಗೆ ಬಾ!"

ನಿಂಬೆವ್ವ ಮಗನನ್ನು ನೋಡಿದಳು. ಕಾಳಿನ ಮೊರ ಬದಿಗಿಟ್ಟು ಎದ್ದಳು, ಒಳಗೆ ಹೋದಳು, ಸರಳಿನ ನಡುವಿನಿಂದ ಕೈ ಚಾಚಿದಳು. ಕಾರ್ಡು ಕೈಗೆ ಬಂತು. ಅದರಲ್ಲಿ ತಾಯಿ ಮಗ ಎರಡೂ ಹೆಸರು, ಫೋಟೋದಲ್ಲಿ ಆಕೆಯ ಮುಖದ ಮೇಲೆ ನಾಲ್ಕು ಸರಳು. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಮಳಸಿದ್ದ ಕಿಟಕಿಯ ಹೊರಗೇ ನಿಂತಿದ್ದ. ಅದೇ ಸರಳಿನ ನಡುವಿನಿಂದ ಅವನಿಗೆ ಒಂದು ಬಿಸಿ ರೊಟ್ಟಿ ಕೊಟ್ಟಳು, ಮೇಲೆ ಖಾರದ ಶೇಂಗಾ ಹಿಂಡಿ.