ಕಣಿವೆ ಸುತ್ತಿ ಬಂದ ಮುಳ್ಳುಬೀಜ

ಹಿಮಾಲಯದ ಕಣಿವೆಯಲ್ಲಿ ಎಲೆ ಹಣ್ಣಾಗುವ ಕಾಲ. ಹಿಮ ಬೀಳುವ ಮೊದಲು ಮಣ್ಣು ಸೇರಬೇಕಿದ್ದ ಮುಳ್ಳುಬೀಜವೊಂದು, "ಅಮ್ಮಾ, ನಿನ್ನ ಬುಡದಲ್ಲೇ ನಾನು ಬಾಳಲಾರೆ" ಎಂದು ಗಿಡಕ್ಕೆ ಹೇಳಿ, ಚಾರಣಿಗರ ಡೇರೆ ಹೊತ್ತ ಹೇಸರಗತ್ತೆಯ ಬಾಲಕ್ಕೆ ಅಂಟಿಕೊಂಡು ಹೊರಟಿತು. ಹಳದಿ ಕಾಡು, ಹಾಲಿನಂಥ ಹೊಳೆ ಕಂಡು ಅದಕ್ಕೆ ಹಿಗ್ಗೋ ಹಿಗ್ಗು.

"ಇಳಿಯುತ್ತೀಯೇನಪ್ಪ?" ಎಂದು ತಂಗಿದಲ್ಲೆಲ್ಲ ಹೇಸರಗತ್ತೆ ಕೇಳಿತು.

"ಇಲ್ಲಿ ಬರೀ ಗಾಳಿ. ಮುಂದೆ ನೋಡೋಣ." ಮರುದಿನ, "ಇಲ್ಲಿ ಬರೀ ಕಲ್ಲು. ಮುಂದೆ ನೋಡೋಣ."

ಐದನೆಯ ದಿನ ದಾರಿ ಕಣಿವೆಯನ್ನು ಸುತ್ತು ಹಾಕಿ ಹೊರಟಲ್ಲಿಗೇ ಬಂತು. ಹೊರೆ ಇಳಿಸಿದ್ದೇ ತಡ, ಹೇಸರಗತ್ತೆ ಮಣ್ಣಿನಲ್ಲಿ ಮನಸಾರೆ ಹೊರಳಾಡಿತು. ಬೀಜ ಕಳಚಿ ಅಮ್ಮನ ಬುಡಕ್ಕೇ ಬಿತ್ತು. ಮೊದಲ ಹಿಮ ಉದುರತೊಡಗಿತು.

"ಕೊನೆಗೂ ಇಲ್ಲೇ ಬಿದ್ದೆಯಲ್ಲೋ ಮಗಾ!" ಎಂದಿತು ಗಿಡ.

"ಬಿದ್ದದ್ದಲ್ಲಮ್ಮ," ಎಂದಿತು ಬೀಜ, ಮಣ್ಣೊಳಗೆ ಬೆಚ್ಚಗೆ ಹುದುಗುತ್ತ. "ಇಡೀ ಕಣಿವೆ ಸುತ್ತಿ ಆರಿಸಿಕೊಂಡೆ."