ಮಾಗುಂಡ ಹಂಚಿದ ರಜೆ

ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಬೇಕೆಂದು ಯಾವ ತಾಯಿಯೂ ಹರಕೆ ಹೊರಬಾರದು. ನಿಂಬೆವ್ವಗೆ ಅಂಥವನೇ ಹುಟ್ಟಿದ್ದ. ಹೆಸರು ಮಾಗುಂಡ.

ನಿಂಬೆವ್ವ ಶಾವಂತ್ರಕ್ಕನ ರೊಟ್ಟಿ ಕೇಂದ್ರದಲ್ಲಿ ದಿನವಿಡೀ ಜೋಳದ ರೊಟ್ಟಿ ಬಡಿಯುವವಳು. ಬಡಿದು ಬಡಿದು ಬಲಗೈ ಬಾತಿತ್ತು. ಬಿಡುವು ಕೊಡದಿದ್ದರೆ ಮುಂದೆ ಈ ಕೈ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ರಜೆ ಕೇಳಲು ಅವಳಿಗೆ ಅಂಜಿಕೆ. ರಜೆಯ ಪಾಳಿ ನೋಡಿ ಹಿಟ್ಟು ಹಂಚುವ ಕೆಲಸಕ್ಕೆ ಮಗನನ್ನೇನೋ ಅಲ್ಲಿ ಸೇರಿಸಿದಳು, ಆದರೆ ಅವನೆದುರೂ ಕೈನೋವಿನ ಮಾತೆತ್ತಲಿಲ್ಲ.

ಮೊದಲು, ಜೊತೆಗೆ ರೊಟ್ಟಿ ಬಡಿಯುವ ದ್ಯಾಮವ್ವ ರಜೆ ಹಾಕಿದಳು. ಅವಳ ಪಾಲಿನ ಹಿಟ್ಟನ್ನು ಎಲ್ಲರಿಗೂ ಸಮನಾಗಿ ಹಂಚು ಎಂದಳು ಶಾವಂತ್ರಕ್ಕ. ಮಾಗುಂಡ ಹಂಚಿದ. ಎಲ್ಲರೂ ಅಂದಮೇಲೆ ದ್ಯಾಮವ್ವನೂ ಒಬ್ಬಳಲ್ಲವೇ? ಅವಳ ಮನೆಗೆ ಹೋಗಿ, ಮಲಗಿದ್ದವಳ ತಲೆದಿಂಬಿನ ಪಕ್ಕ ಅವಳ ಪಾಲು ಇಟ್ಟು ಬಂದ.

ಶಾವಂತ್ರಕ್ಕ ಬೈದಳು. ರಜೆಯಲ್ಲಿದ್ದವರನ್ನು ಕೆಲಸದ ವಿಷಯಕ್ಕೆ ಮಾತಾಡಿಸಲೇಬೇಡ ಎಂದಳು.

ಆಮೇಲೆ ಕಾಶವ್ವನ ರಜೆ. ಹಿಟ್ಟಿನ ಕೋಣೆಯ ಕೀಲಿ ಅವಳ ಸೆರಗಿನ ಗಂಟಿನಲ್ಲೇ ಉಳಿದಿತ್ತು. ನೆನಪಾಗಿ ಓಡಿ ಬಂದು ಕೀಲಿ ಚಾಚಿದಳು. ಮಾಗುಂಡ ತುಟಿ ಬಿಗಿದು ಮುಖ ತಿರುಗಿಸಿ, ಬಾಗಿಲು ಹಾಕಿಕೊಂಡ. ಅವತ್ತು ರೊಟ್ಟಿ ಹೇಳಿದ್ದ ಮದುವೆಮನೆಗೆ, ಅವರು ಉಂಡೆದ್ದ ಮೇಲೆ ರೊಟ್ಟಿ ಹೋದವು.

ನಿಂಬೆವ್ವ ಹಣೆ ಬಡಿದುಕೊಂಡಳು. ಶಾವಂತ್ರಕ್ಕ ಮತ್ತೆ ಬೈದಳು, ಮತ್ತೆ ಬುದ್ಧಿ ಹೇಳಿದಳು: "ಯಾರು ಭಾಳ ದಣಿದಾರ ಕಣ್ಣಿಟ್ಟು ನೋಡು. ಅವರನ್ನ ಮೊದಲ ಕಳಸು. ದಿನಕ್ಕ ಒಬ್ಬರನ್ನ."

ಮಾಗುಂಡ ದಿನವಿಡೀ ನೋಡಿದ. ಅವ್ವ ಬಾತ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನಗೇನಾಗೇತಿ ಅಂದಳು. ಶಾವಂತ್ರಕ್ಕ ಕೂತಲ್ಲೇ ತೂಕಡಿಸುತ್ತಿದ್ದಳು. ಒಂದು ಒಲೆಯಿಂದ ಕೇಂದ್ರ ಕಟ್ಟಿದವಳು, ಒಂದು ದಿನವೂ ಮನೆಯಲ್ಲಿ ಕೂತವಳಲ್ಲ.

ಮರುದಿನ ಮಾಗುಂಡ ಶಾವಂತ್ರಕ್ಕನನ್ನೇ ಕೇಂದ್ರದ ಬಾಗಿಲಲ್ಲಿ ಅಡ್ಡಗಟ್ಟಿದ. "ಇವತ್ತಿನ ರಜಾ ನಿಮ್ದರೀ ಅಕ್ಕಾರ. ಒಳಗ ಬರಂಗಿಲ್ಲ."

ಅವಳು ಕಿರುಚಾಡಿದಳು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಿಂಬೆವ್ವ ಓಡಿ ಬಂದು ಮಗನ ರಟ್ಟೆ ಎಳೆಯಹೋದಳು, ಎಳೆಯಲಾಗದೆ ನರಳಿ ಕುಸಿದಳು. ಸೆರಗು ಸರಿದು ಕೈ ಕಂಡಿತು.

ಶಾವಂತ್ರಕ್ಕ ಬಗ್ಗಿ ಆ ಕೈ ಹಿಡಿದು ನೋಡಿದಳು. "ಅಲ್ಲ ನಿಂಬೆವ್ವ, ಬಾಯಿಬಿಟ್ಟು ಹೇಳಬಾರದಾಗಿತ್ತಾ?"

"ನಿಮಗ ರಜಾ ಇಲ್ಲ. ನಾ ಯಾವ ಬಾಯಿಲೆ ಕೇಳಲ್ರೀ?"

ಶಾವಂತ್ರಕ್ಕ ಸೆರಗು ಸಿಕ್ಕಿಸಿ ನಿಂಬೆವ್ವನ ಒಲೆಯ ಮುಂದೆ ತಾನೇ ಕೂತಳು. ನನ್ನ ರಜೆಯನ್ನು ನಿಮ್ಮವ್ವಗೆ ಕೊಡೋ ಎಂದು ಮಾಗುಂಡನಿಗೆ ಹೇಳಿದಳು.

ಸಂಜೆ ಅವಳು ಸೊಂಟ ಹಿಡಿದುಕೊಂಡು ತನ್ನ ಮನೆಗೆ ಬಂದರೆ ಹೊಸ್ತಿಲಲ್ಲಿ ಮಾಗುಂಡ ಕೂತಿದ್ದ. ಒಳಗೆ ಅವಳದೇ ಮಂಚದ ಮೇಲೆ, ಅವಳದೇ ಫ್ಯಾನಿನ ಕೆಳಗೆ, ಅವಳದೇ ಕೌದಿ ಹೊದ್ದು ನಿಂಬೆವ್ವ ಗೊರಕೆ ಹೊಡೆಯುತ್ತಿದ್ದಳು.

"ನಿಮ್ಮ ರಜಾ ಅಂದ್ರಲ್ರೀ," ಅಂದ ಮಾಗುಂಡ. "ನಿಮ್ಮ ರಜಾ ನಿಮ್ಮ ಮನ್ಯಾಗಽ ಇರತೈತಲ್ರೀ. ಮೆಲ್ಲಕ ಮಾತಾಡ್ರಿ ಅಕ್ಕಾರ, ಈಗರ ಕಣ್ಣು ಹತ್ಯಾವ."

ಶಾವಂತ್ರಕ್ಕ ಸದ್ದಾಗದಂತೆ ಚಪ್ಪಲಿ ಬಿಟ್ಟು, ತನ್ನ ಮನೆಯ ಕಟ್ಟೆಯ ಮೇಲೆ ನೆಂಟಳ ಹಾಗೆ ಕೂತಳು.